ಏಳನೆಯ ಎಸಳು

ತುಕ್ಕು ತಡೆಯಲು ಬಳಿಯುವ ರೆಡ್ ಆಕ್ಸೈಡಿನ ವಾಸನೆ ನನಗೆ ಆಗುವುದಿಲ್ಲ. ಕಬ್ಬಿಣದಿಂದಲೇ ಅನ್ನ ತಿಂದವನ ಬಾಯಲ್ಲಿ ಈ ಮಾತು ಬಂದರೆ ಯಾರಿಗಾದರೂ ನಗು ಬಂದೀತು. ಮಂಗಳೂರಿನ ನನ್ನ ಆಫೀಸಿನಲ್ಲಿ ಆ ಡಬ್ಬದ ಮುಚ್ಚಳ ತೆರೆಯುವುದಿದ್ದರೆ ಹಿಂದಿನ ಶೆಡ್ಡಿಗೆ ಹೋಗಿ ಎಂದು ಗದರುತ್ತೇನೆ. ಸಾರ್‌ಗೆ ತಲೆನೋವು ಎಂದು ಕೆಲಸದವರು ತಿಳಿದುಕೊಂಡಿದ್ದಾರೆ. ತಲೆನೋವಾಗಿದ್ದರೆ ಒಂದು ಗುಳಿಗೆಯಲ್ಲಿ ಮುಗಿಯುತ್ತಿತ್ತು.

2018ರ ಬೇಸಿಗೆಯಲ್ಲಿ ಸೀತಾಂಗೋಳಿಯ ಹತ್ತಿರ ಇಸ್ಮಾಯಿಲರ ಮನೆಯಂಗಳದಲ್ಲಿ ಕಾರಿನಿಂದ ಇಳಿದಾಗ ಮೂಗಿಗೆ ಹೊಡೆದದ್ದು ಅದೇ ವಾಸನೆ. ಹೊಸ ಗೇಟಿಗೆಂದು ನಿಲ್ಲಿಸಿದ ಕಬ್ಬಿಣದ ಕಂಬಗಳಿಗೆ ಆ ಬೆಳಿಗ್ಗೆಯಷ್ಟೇ ಬಣ್ಣ ಬಳಿದಿದ್ದರು. ಹಳೆಯ ಗೇಟಿನ ಎರಡೂ ಬಾಗಿಲುಗಳು ಗೋಡೆಯ ಬದಿಯ ಹುಲ್ಲಿನಲ್ಲಿ ಮಲಗಿದ್ದವು. ಹದಿಮೂರು ವರ್ಷ ಹಿಂದೆ ನಾನು ಬಿಡಿಸಿದ ಗೇಟು ಅದು.

"ಬನ್ನಿ ಬನ್ನಿ, ನಿಮ್ಮ ಗೇಟಿಗೆ ರಿಟೈರ್ಡ್ ಆಯ್ತು," ಎಂದು ಇಸ್ಮಾಯಿಲ್ ಕೈ ಹಿಡಿದರು. "ಬುಡ ಪೂರಾ ತುಕ್ಕು. ಹೊಸದಕ್ಕೂ ಡಿಸೈನ್ ನೀವೇ ಕೊಡ್ಬೇಕು ಆಯ್ತಾ. ಬೇರೆಯವರದ್ದು ನಮಗೆ ಬೇಡ."

ಡಿಸೈನನ್ನು ಮಂಗಳೂರಿನಿಂದಲೇ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಹದಿಮೂರು ವರ್ಷ ಆ ದಾರಿ ತಪ್ಪಿಸಿಕೊಂಡೇ ಓಡಾಡಿದವನು ನಾನು. ಆದರೆ ಫೋನಿನಲ್ಲಿ ಮಾತಿನ ಮಧ್ಯೆ ಅವರು, "ಉಮ್ಮ ಹೋಗಿ ಎರಡು ವರ್ಷ ಆಯ್ತಲ್ಲ, ನಿಮಗೆ ಗೊತ್ತಿಲ್ವಾ?" ಎಂದಿದ್ದರು. ಉಮ್ಮ ಎಂದರೆ ಅವರ ಹೆಂಡತಿಯ ತಾಯಿ, ನೆಬಿಸಮ್ಮ. ನನಗೆ ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

2005ರಲ್ಲಿ ನನಗೆ ಇಪ್ಪತ್ತಾರು. ಮಂಗಳೂರಿನಲ್ಲಿ ಚಿತ್ರಕಲೆ ಕಲಿಯಲು ಹೋಗಿ, ಎರಡನೆಯ ವರ್ಷಕ್ಕೆ ಬಿಟ್ಟು ಬಂದು, ಉಪ್ಪಳದ ಜನಾರ್ದನಣ್ಣನ ವೆಲ್ಡಿಂಗ್ ಶಾಪಿನಲ್ಲಿ ಸೇರಿದ್ದೆ. ಗೇಟು ಮತ್ತು ಕಿಟಕಿಯ ಗ್ರಿಲ್ಲುಗಳ ಚಿತ್ರ ಬರೆಯುವುದು ನನ್ನ ಕೆಲಸ. ಬರೆಯುವುದು ಎಂದರೆ ದೊಡ್ಡದೇನಲ್ಲ. ಎಣ್ಣೆ ಕುಡಿದು ಕಪ್ಪಾದ ಒಂದು ಬುಕ್ಕು ಇತ್ತು. ಅದರಲ್ಲಿ ಗಿರಾಕಿ ಬೆರಳಿಟ್ಟದ್ದನ್ನು ಸಿಮೆಂಟು ನೆಲದ ಮೇಲೆ ಚಾಕಿನಿಂದ ಪೂರ್ತಿ ಅಳತೆಗೆ ಬಿಡಿಸಬೇಕು. ವೆಲ್ಡರುಗಳು ಆ ಗೆರೆಯ ಮೇಲೆಯೇ ಸರಳು ಬಗ್ಗಿಸಿ ಇಟ್ಟು ಬೆಸೆಯುತ್ತಿದ್ದರು. ಗಲ್ಫಿನ ದುಡಿಮೆಯ ಮನೆಗಳು ಸಾಲಾಗಿ ಏಳುತ್ತಿದ್ದ ಕಾಲ. ಒಂದೇ ರಸ್ತೆಯಲ್ಲಿ ಮೂರು ಮನೆಗೆ ಒಂದೇ ಹಂಸ, ನಾಲ್ಕು ಮನೆಗೆ ಒಂದೇ ದ್ರಾಕ್ಷಿ ಗೊಂಚಲು.

"ಹೊಸದೊಂದು ನಾನೇ ಬಿಡಿಸಲಾ?" ಎಂದು ಕೇಳಿದರೆ ಜನಾರ್ದನಣ್ಣ ಬೀಡಿ ಬಾಯಲ್ಲಿಟ್ಟುಕೊಂಡೇ, "ಬುಕ್ಕು ಇರುವುದು ಎಂತಕ್ಕೆ ಮಾರಾಯ? ನಿನ್ನ ಕಲೆ ಎಲ್ಲ ಮನೆಯಲ್ಲಿಟ್ಟು ಬಾ," ಎನ್ನುತ್ತಿದ್ದರು. ನನಗೆ ಹೊಟ್ಟೆಯೊಳಗೆ ಬೆಂಕಿ. ಕಾಲೇಜು ಬಿಟ್ಟ ಅವಮಾನ ಬೇರೆ. ಒಂದಲ್ಲ ಒಂದು ದಿನ ಇಡೀ ಊರು ತಿರುಗಿ ನೋಡುವಂಥದ್ದು ಮಾಡುತ್ತೇನೆ ಎಂದು ಹಲ್ಲು ಕಚ್ಚಿ ಹಂಸದ ಕೊರಳು ಎಳೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಸದು ಬಿಡಿಸಲು ಕುಳಿತರೆ ಕಾಗದದ ಮೇಲೆ ಬರುತ್ತಿದ್ದದ್ದೂ ಆ ಬುಕ್ಕಿನ ಹಂಸವೇ.

ರೈಲ್ವೆ ಸ್ಟೇಶನಿನ ಹಿಂದೆ ನನ್ನದೊಂದು ಬಾಡಿಗೆ ಕೋಣೆ. ಪಕ್ಕದ ಹೆಂಚಿನ ಮನೆ ನೆಬಿಸಮ್ಮನದ್ದು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಸಫಿಯಾ, ಆಗ ಕಾಲೇಜು ಮುಗಿಸುತ್ತಿದ್ದಳು. ನೆಬಿಸಮ್ಮ ಗಂಡಸರು ನಮಾಜಿಗೆ ಹಾಕಿಕೊಳ್ಳುವ ಬಿಳಿ ಟೊಪ್ಪಿ ಹೊಲಿಯುತ್ತಿದ್ದರು. ಬಿಳಿ ಬಟ್ಟೆ, ಬಿಳಿ ನೂಲು, ಒಂದು ಸೂಜಿ. ಸೂಜಿಯಿಂದ ಸಣ್ಣ ಸಣ್ಣ ತೂತು ಮಾಡಿ, ಅದರ ಅಂಚನ್ನು ನೂಲಿನಿಂದ ಸುತ್ತಿ ಕಟ್ಟುತ್ತಾ ಹೋದರೆ ಹೂ ಬಳ್ಳಿ ಮೂಡುತ್ತಿತ್ತು. ಕೊನೆಗೆ ಗಂಜಿಯಲ್ಲಿ ಅದ್ದಿ ಮರದ ಅಚ್ಚಿಗೆ ತೊಡಿಸಿ ಒಣಗಿಸುವುದು. ಒಂದು ಟೊಪ್ಪಿಗೆ ಮೂರು ವಾರ ಹಿಡಿಯುತ್ತಿತ್ತು.

ಅವರ ಕಣ್ಣು ಆಗಲೇ ಮಂಜಾಗತೊಡಗಿತ್ತು. ಒಂದು ಭಾನುವಾರ ಜಗಲಿಯಿಂದಲೇ ನನ್ನನ್ನು ಕರೆದರು. ನಾಲ್ಕನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು, ನನ್ನೊಡನೆ ಕನ್ನಡವೇ ಮಾತಾಡುತ್ತಿದ್ದರು.

"ಉಮೇಶ, ನೀನು ನೆಲದಲ್ಲಿ ಗೀಚುವವನಲ್ಲ? ಬಟ್ಟೆಯಲ್ಲಿ ಗೀಚಲಿಕ್ಕೆ ಆಗ್ತದಾ? ನನಗೆ ಪೆನ್ಸಿಲಿನ ಗೆರೆ ಕಾಣುವುದಿಲ್ಲ ಈಗೀಗ."

ಹಾಗೆ ಶುರುವಾಯಿತು. ವಾರಕ್ಕೆ ಎರಡು ಮೂರು ಸಂಜೆ ಅವರ ಜಗಲಿಯಲ್ಲಿ ಕುಳಿತು ಅವರು ಹೇಳಿದ ಹಾಗೆ ಬಟ್ಟೆಯ ಮೇಲೆ ದಪ್ಪ ಗೆರೆ ಎಳೆದುಕೊಡುತ್ತಿದ್ದೆ. ಸಫಿಯಾ ಒಳಗಿನಿಂದ ಚಹಾ ತಂದು ಕಟ್ಟೆಯ ಮೇಲಿಡುತ್ತಿದ್ದಳು. ನೆಬಿಸಮ್ಮನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅಯ್ಯೋ, ಇಷ್ಟು ನೇರ ಎಳೆದರೆ ಅದು ಬಳ್ಳಿಯಾ, ಕರೆಂಟು ವಯರಾ? ಆ ಬಸಳೆ ನೋಡು. ಎರಡು ಸುತ್ತು ಸುತ್ತಿ ಆಮೇಲೆ ಸ್ವಲ್ಪ ಉಸಿರು ಬಿಟ್ಟು ಹೋಗ್ತದೆ." ಬಸಳೆಯ ಚಪ್ಪರದ ಕಡೆ ನೋಡಿದರೆ ನಿಜವಾಗಿಯೂ ಹಾಗೆಯೇ ಇರುತ್ತಿತ್ತು. ಬಂಗುಡೆ ತಿಂದುಳಿದ ಮುಳ್ಳು, ನೀರುದೋಸೆಯ ತೂತು, ಮಾಡಿನ ನೀರು ಬಿದ್ದು ಮರಳಲ್ಲಿ ಆದ ಗುಳಿ, ಎಲ್ಲವೂ ಅವರ ಟೊಪ್ಪಿಗಳಲ್ಲಿದ್ದವು. ಕಾಲೇಜಿನ ಎರಡು ವರ್ಷದಲ್ಲಿ ನಾನು ಕಲಿಯದ್ದನ್ನು ಆ ಜಗಲಿಯಲ್ಲಿ ಎರಡು ತಿಂಗಳಲ್ಲಿ ಕಲಿತೆ. ಇದನ್ನು ಈಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ ನೋಡಿ. ಆಗ ಒಬ್ಬರೆದುರಾದರೂ ಹೇಳಲಿಲ್ಲ.

ಅವರಲ್ಲಿ ಒಂದು ಕ್ರಮವಿತ್ತು. ಒಬ್ಬಳು ಹುಟ್ಟಿಸಿದ ಚಿತ್ತಾರ ಇನ್ನೊಬ್ಬಳಿಗೆ ಬೇಕಾದರೆ ಮನೆಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಆ ಮೇಲೆ ಅದು ಯಾರ ಕೈಯಲ್ಲಿ ಹೊಲಿದರೂ ಮೊದಲಿನವಳ ಹೆಸರಿನಲ್ಲಿಯೇ ಇರುತ್ತಿತ್ತು. ಆಮಿನಮ್ಮನ ಬಳ್ಳಿ, ಮರಿಯಮ್ಮನ ಮೀನುಮುಳ್ಳು. ಆಮಿನಮ್ಮ ಸತ್ತು ಎಷ್ಟು ಕಾಲವಾಗಿತ್ತೋ, ಅವಳ ಬಳ್ಳಿ ಗಂಡಸರ ತಲೆಯ ಮೇಲೆ ಪೇಟೆ ತಿರುಗುತ್ತಿತ್ತು.

ಮೇ ತಿಂಗಳ ಒಂದು ಸಂಜೆ ಅವರು ಕರೆಯದೆಯೇ ನಾನು ಹೋದೆ. ನೆಬಿಸಮ್ಮ ಕಿಟಕಿಯೆದುರು ಕುಳಿತು ಒಂದು ಟೊಪ್ಪಿಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ಪರೀಕ್ಷಿಸುತ್ತಿದ್ದರು. ಪಡುವಣದ ಬಿಸಿಲು ಅದರೊಳಗಿಂದ ತೂರಿ ಅವರ ಮುಖದ ಮೇಲೆ, ಹಿಂದಿನ ಗೋಡೆಯ ಮೇಲೆ ದೊಡ್ಡದೊಂದು ಹೂ ಬಿದ್ದಿತ್ತು. ನಾನು ಅದುವರೆಗೆ ನೋಡಿರದ ಹೂ. ಬಟ್ಟೆ ಕಾಣಲಿಲ್ಲ ನನಗೆ, ಕಂಡದ್ದು ಗೇಟು. ತೂತು ಮತ್ತು ಗೆರೆ, ಇಷ್ಟೇ ಅಲ್ಲವೇ ಗೇಟೆಂದರೆ.

"ಓ, ನೀನು ನೋಡಿಬಿಟ್ಟಿಯಾ," ಎಂದು ಅವರು ಟೊಪ್ಪಿಯನ್ನು ಬಿಸ್ಕತ್ತಿನ ಹಳೆಯ ಡಬ್ಬಕ್ಕೆ ಹಾಕಿದರು. ಆಮೇಲೆ ತಾವೇ ಹೇಳಿದರು. "ಇವಳು ಹೊಟ್ಟೆಯಲ್ಲಿರುವಾಗ ನನಗೆ ಪುನರ್ಪುಳಿ ಬೇಕು ಬೇಕು ಅಂತ ಆಗ್ತಿತ್ತು. ಒಂದು ಹಣ್ಣು ಅಡ್ಡ ಕೊಯ್ದೆ, ಒಳಗೆ ಏಳು ಎಸಳು. ಅವತ್ತೇ ಅಂದುಕೊಂಡದ್ದು, ಈ ಹೂ ನನ್ನ ಮಗುವಿಗೆ ಅಂತ. ಸಫಿಯಾನ ಮದುಮಗನಿಗೆ ಇದು. ಈ ಊರಲ್ಲಿ ಇನ್ನೊಂದು ತಲೆಯಲ್ಲಿ ಇರಬಾರದು. ನೀನು ನೋಡಿದ್ದನ್ನು ನಿನ್ನಲ್ಲೇ ಇಟ್ಟುಕೋ, ಆಯ್ತಾ?"

"ನಾನು ಯಾರಿಗೆ ಹೇಳಲಿ ಉಮ್ಮ," ಎಂದೆ.

ಯಾರಿಗೂ ಹೇಳಲಿಲ್ಲ ಎನ್ನುವುದು ನಿಜ. ಕೋಣೆಗೆ ಬಂದು ಬಿಡಿಸಿದೆ ಅಷ್ಟೇ. ನೋಡಿದ್ದು ಮರೆಯಬಾರದು, ಕೈಗೆ ಒಳ್ಳೆಯದು, ಕಾಗದದಲ್ಲಿದ್ದರೆ ಯಾರಿಗೆ ಏನು ನಷ್ಟ, ಹೀಗೆ ನನಗೆ ನಾನೇ ಹೇಳಿಕೊಂಡೆ. ಗೋಡೆಯ ಮೇಲೆ ಬಿದ್ದ ಹೂವನ್ನು ಕಣ್ಣಲ್ಲಿಟ್ಟುಕೊಂಡು ಇದ್ದ ಹಾಗೆಯೇ ಇಳಿಸಿದೆ. ಅದರಲ್ಲಿ ಎಸಳು ಆರೇ ಇದ್ದವು. ಏಳನೆಯದರ ಜಾಗ ಖಾಲಿ. ಅವರು ಏಳು ಎಂದದ್ದು ನೆನಪಿತ್ತು, ಆದರೆ ಖಾಲಿ ಬಿಟ್ಟದ್ದೇ ಅದರ ಜಾಣತನ ಎಂದು ನಾನು ನಿರ್ಧರಿಸಿಬಿಟ್ಟೆ. ಕಾಲೇಜಿನಲ್ಲಿ ಕಲಿತ ಅರ್ಧಂಬರ್ಧ ಬುದ್ಧಿ.

ಮಳೆ ಹಿಡಿದ ಮೊದಲ ವಾರ ಶಾರ್ಜಾದಿಂದ ರಜೆಯಲ್ಲಿ ಬಂದಿದ್ದ ಇಸ್ಮಾಯಿಲ್ ಶಾಪಿಗೆ ಬಂದರು. ಸೀತಾಂಗೋಳಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿ, "ಇದೆಲ್ಲ ಎಲ್ಲರ ಮನೆಯಲ್ಲಿ ಉಂಟು. ಎಲ್ಲಿಯೂ ಇಲ್ಲದ್ದು ಎಂತಾದರೂ ಉಂಟಾ ನಿಮ್ಮಲ್ಲಿ?" ಎಂದು ಕೇಳಿದರು. ಜನಾರ್ದನಣ್ಣ ತಲೆ ಕೆರೆದುಕೊಂಡರು. ನಾನು ಡ್ರಾಯಿಂಗ್ ಪುಸ್ತಕ ತೆರೆದು ಅವರ ಮುಂದಿಟ್ಟೆ.

ಯೋಚಿಸಲು ಸಮಯವಿರಲಿಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಸುಳ್ಳು. ಕೋಣೆಯಿಂದ ಶಾಪಿಗೆ ಆ ಪುಸ್ತಕವನ್ನು ಹೊತ್ತುಕೊಂಡು ಬಂದವನು ಯಾರು?

ಮರುದಿನ ನೆಲದ ಮೇಲೆ ಚಾಕಿನಲ್ಲಿ ಆ ಹೂವನ್ನು ನಾಲ್ಕು ಅಡಿಗೆ ಹಿಗ್ಗಿಸಿ ಬಿಡಿಸುವಾಗ ನನಗಾದ ಖುಷಿಯನ್ನು ಇವತ್ತಿಗೂ ಸುಳ್ಳೆನ್ನಲಾರೆ. ಹೊರಗೆ ಮಳೆ ಹೊಯ್ಯುತ್ತಿತ್ತು, ತಗಡಿನ ಮಾಡಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ವೆಲ್ಡರುಗಳು ಕೆಲಸ ನಿಲ್ಲಿಸಿ ಸುತ್ತ ನಿಂತು ನೋಡಿದರು. ಎರಡು ಬಾಗಿಲಲ್ಲಿ ಒಂದೊಂದು ಹೂ, ಒಂದೊಂದಕ್ಕೂ ಆರಾರು ಎಸಳು. ರೆಡ್ ಆಕ್ಸೈಡ್ ಹೊಡೆದು ಗೋಡೆಗೊರಗಿಸಿದಾಗ ಜನಾರ್ದನಣ್ಣನೇ, "ಅಲ್ಲಾ ಮಾರಾಯ, ಇದು ನಿನ್ನ ತಲೆಯಲ್ಲಿ ಎಲ್ಲಿತ್ತು?" ಎಂದರು. ನಾನು ನಕ್ಕೆ. ಆ ನಗು ಒಂದೇ ಸಾಕು ನನ್ನ ಎರಡೂ ಕೆನ್ನೆಗೆ ಹೊಡೆಯಲು.

ತಿಂಗಳೊಳಗೆ ಮೀಂಜದ ಕಡೆಯಿಂದ ಇಬ್ಬರು ಬಂದು ಅದೇ ಗೇಟು ಕೇಳಿದರು. ನಾನು ಬಿಡಿಸಿಕೊಟ್ಟೆ. ನೆಬಿಸಮ್ಮ ಮನೆ ಬಿಟ್ಟು ಪೇಟೆಗೆ ಹೋಗುವವರಲ್ಲ, ಅವರ ಕಣ್ಣಿಗೆ ಬೀಳುವುದಿಲ್ಲ ಎಂಬ ಧೈರ್ಯ.

ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಬಿಟ್ಟಿದ್ದಾಗ ಅವರು ಜಗಲಿಯಿಂದಲೇ ಕೂಗಿ ಕರೆದು ಕೈಗೆ ಸಿಹಿ ಕೊಟ್ಟರು. ಸಫಿಯಾಳ ಮದುವೆ ನಿಶ್ಚಯವಾಗಿತ್ತು. ರಮ್ಜಾನಿನ ಉಪವಾಸ ಮುಗಿದು, ಪೆರ್ನಾಲ್ ಹಬ್ಬ ಕಳೆದ ಮೇಲೆ ನಿಕಾಹ್.

"ಹುಡುಗ ಎಲ್ಲಿಯವನು ಉಮ್ಮ?"

"ಸೀತಾಂಗೋಳಿಯವನು. ಇಸ್ಮಾಯಿಲ್ ಅಂತ. ಶಾರ್ಜಾದಲ್ಲಿ ಇರುವುದು. ಹೊಸ ಮನೆ ಕಟ್ಟಿಸಿದ್ದಾನಂತೆ. ನನ್ನ ತಮ್ಮ ಹೋಗಿ ನೋಡಿ ಬಂದ, ಗೇಟೇ ಭಾರೀ ಚೆಂದ ಉಂಟು ಅಂದ."

ಅದು ನಾನು ಬಿಡಿಸಿದ ಗೇಟು. ಸಿಹಿಯನ್ನು ಕೈಯಲ್ಲೇ ಹಿಡಿದುಕೊಂಡು ಕೋಣೆಗೆ ಬಂದೆ.

ಆವತ್ತಿನಿಂದ ನಿಕಾಹ್‌ಗೆ ಎರಡು ತಿಂಗಳಿಗಿಂತ ಹೆಚ್ಚೇ ಇತ್ತು. ಹೇಳಿದ್ದರೆ ಬೈಯುತ್ತಿದ್ದರು, ಅಳುತ್ತಿದ್ದರು, ಬಹುಶಃ ಬೇರೊಂದು ಹೂ ಹೊಲಿಯುತ್ತಿದ್ದರು. ಇಲ್ಲವಾದರೆ ನಾನು ಇಸ್ಮಾಯಿಲರ ಬಳಿ ಹೋಗಿ, ಇದು ನನ್ನದಲ್ಲ, ಇದಕ್ಕೆ ನೆಬಿಸಮ್ಮನ ಹೂ ಎಂದು ಹೆಸರು ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಇದ್ದದ್ದು ಅಷ್ಟೇ ಕೆಲಸ, ಒಂದು ಹೆಸರು ಹೇಳುವುದು. ಒಮ್ಮೆ ಗಟ್ಟಿ ಮನಸ್ಸು ಮಾಡಿ ಜಗಲಿಗೆ ಹೋದೆ. ಅವರು ಡಬ್ಬದಿಂದ ಟೊಪ್ಪಿ ತೆಗೆದು ತಾವಾಗಿ ನನ್ನ ಕೈಯಲ್ಲಿಟ್ಟರು.

"ನೋಡು, ಮುಗಿಯಿತು. ಇನ್ನು ಒಂದೇ ಎಸಳು."

"ಅದನ್ನು ಯಾಕೆ ಬಿಟ್ಟದ್ದು ಉಮ್ಮ?"

"ಅದು ಮದುಮಗಳು ಹಾಕುವುದು. ನಮ್ಮ ಮನೆಯಲ್ಲಿ ಹಾಗೆ. ತಾಯಿ ಎಲ್ಲ ಹೊಲಿದು ಕೊಟ್ಟರೂ ಒಂದನ್ನು ಅವಳಿಗೆ ಬಿಡ್ಬೇಕು. ಸಫಿಯಾ ನಿಕಾಹ್‌ನ ಹಿಂದಿನ ದಿನ ಹಾಕ್ತಾಳೆ."

ಜಾಣತನ ಎಂದುಕೊಂಡು ನಾನು ಕಬ್ಬಿಣದಲ್ಲಿ ಬೆಸೆದದ್ದು ಒಬ್ಬ ಹುಡುಗಿಗೆಂದು ತಾಯಿ ಕಾದಿಟ್ಟ ಜಾಗವನ್ನು. "ಚೆಂದ ಉಂಟು ಉಮ್ಮ," ಎಂದು ಎದ್ದು ಬಂದೆ.

ನಿಕಾಹ್ ಅವರ ಅಂಗಳದಲ್ಲೇ ನಡೆಯಿತು. ನಾನು ಬೆಳಿಗ್ಗೆಯಿಂದ ಕುರ್ಚಿ ಹಾಕಿಸುವುದು, ಬಂದವರಿಗೆ ಶರಬತ್ತು ಕೊಡುವುದು ಎಂದು ಓಡಾಡುತ್ತಿದ್ದೆ. ನೆಬಿಸಮ್ಮನ ತಮ್ಮ ತಟ್ಟೆಯಲ್ಲಿ ಟೊಪ್ಪಿ ತಂದು ಮದುಮಗನ ಕೈಗೆ ಕೊಟ್ಟರು. ಇಸ್ಮಾಯಿಲ್ ಅದನ್ನು ತಿರುಗಿಸಿ ನೋಡಿ, ದೊಡ್ಡದಾಗಿ ನಕ್ಕರು.

"ಓ! ಇದು ನಮ್ಮ ಗೇಟಲ್ಲವಾ!"

ಪಕ್ಕದವರೆಲ್ಲ ಬಗ್ಗಿ ನೋಡಿದರು. ಹೌದು ಹೌದು ಎಂದರು. ಇಸ್ಮಾಯಿಲರ ಮನಸ್ಸಿನಲ್ಲಿ ಕುಹಕವಿರಲಿಲ್ಲ, ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಬಾಗಿಲ ಪರದೆಯ ಹತ್ತಿರ ನಿಂತಿದ್ದ ಅತ್ತೆಯ ಕಡೆ ತಿರುಗಿ, "ಉಮ್ಮ, ನೀವು ನಮ್ಮ ಗೇಟು ನೋಡಿ ಹೊಲಿದದ್ದಾ? ಅದನ್ನು ಮಾಡಿದವರು ಇಲ್ಲೇ ಉಂಟಲ್ಲ, ಇಗೋ ಉಮೇಶಣ್ಣ!" ಎಂದು ನನ್ನನ್ನು ತೋರಿಸಿದರು.

ನೆಬಿಸಮ್ಮ ನನ್ನನ್ನು ನೋಡಿದರು. ಮಂಜು ಕಣ್ಣಿಗೆ ಅಷ್ಟು ದೂರದಿಂದ ನನ್ನ ಮುಖ ಕಂಡಿತೋ ಇಲ್ಲವೋ ತಿಳಿಯದು. ಶರಬತ್ತಿನ ತಟ್ಟೆ ಹಿಡಿದು ನಾನು ನಿಂತೇ ಇದ್ದೆ. ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತು ಸಿಕ್ಕಿತ್ತು. ನಾನು ಹೇಳಲಿಲ್ಲ.

"ಹೌದು ಮೋನೇ," ಎಂದರು ಅವರು ಅಳಿಯನ ಕಡೆ ತಿರುಗಿ. "ಅದನ್ನೇ ನೋಡಿ ಹೊಲಿದದ್ದು."

ಊಟದ ಹೊತ್ತಿಗೆ ಅಡಿಗೆಯ ಬದಿಯಲ್ಲಿ ಅವರೆದುರು ಹೋಗಿ "ಉಮ್ಮ..." ಎಂದೆ. "ಮದುವೆಮನೆ ಇದು. ಮೊದಲು ಊಟ ಮಾಡು," ಎಂದು ತಾವೇ ಬಿರಿಯಾನಿ ಹಾಕಿದ ತಟ್ಟೆ ಕೊಟ್ಟು ಹೋದರು. ಕೋಪದ ಒಂದು ಅಕ್ಷರ ಆಡಲಿಲ್ಲ. ಆಡಿದ್ದರೆ ನಾನು ಅವರ ಕಾಲಿಗೆ ಬಿದ್ದು ಹಗುರಾಗುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಅವರು ನನ್ನನ್ನು ಗೆರೆ ಎಳೆಯಲು ಕರೆಯಲಿಲ್ಲ. ಎದುರು ಸಿಕ್ಕರೆ ಊಟ ಆಯ್ತಾ ಎಂದು ಎಂದಿನಂತೆ ಕೇಳುತ್ತಿದ್ದರು. ಆದರೆ ನಾನು ಜಗಲಿಯ ಮುಂದೆ ಹಾದುಹೋಗುವಾಗ ಮಡಿಲಲ್ಲಿದ್ದ ಬಟ್ಟೆಯನ್ನು ಮಗುಚಿ ಇಡುತ್ತಿದ್ದರು. ಆ ಕೈ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಎರಡು ತಿಂಗಳು ಅದನ್ನು ನೋಡಿದೆ, ಮೂರನೆಯ ತಿಂಗಳು ಮಂಗಳೂರಿಗೆ ಹೊರಟುಹೋದೆ. ಅಷ್ಟರಲ್ಲಿ ಆರೆಸಳಿನ ಗೇಟು ಉಪ್ಪಳದಿಂದ ಆಚೆಗೂ ಹೆಸರು ಮಾಡಿತ್ತು. ಆ ಹೆಸರಿನ ಮೇಲೆಯೇ ನನಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ಈಗ ಡಿಸೈನ್ ಕಲಿಯುವ ಮಕ್ಕಳು ಬಂದು ಸಾರ್ ನಿಮಗೆ ಐಡಿಯಾ ಎಲ್ಲಿಂದ ಬರ್ತದೆ ಎಂದು ಕೇಳುತ್ತಾರೆ. ಬಸಳೆಯ ಬಳ್ಳಿ ನೋಡಿ, ಮೀನಿನ ಮುಳ್ಳು ನೋಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಅದೂ ನೆಬಿಸಮ್ಮನದ್ದೇ ಮಾತು.

ಆ ಬೇಸಿಗೆಯಲ್ಲಿ ಹಳೆಯ ಗೇಟಿನ ಪಕ್ಕ ನಿಂತು ಇಸ್ಮಾಯಿಲ್ ಮತ್ತೆ ಅದೇ ಕಥೆ ತೆಗೆದರು. "ಗುಜರಿಗೆ ಕೊಡಲಿಕ್ಕೆ ಮನಸ್ಸೇ ಬರುವುದಿಲ್ಲ. ನಮ್ಮ ಉಮ್ಮ ಕೂಡ ನಿಮ್ಮ ಫ್ಯಾನ್. ಇದನ್ನು ನೋಡಿಯೇ ನನಗೆ ಟೊಪ್ಪಿ ಹೊಲಿದದ್ದು, ನೆನಪುಂಟಾ?"

"ಅಲ್ಲ," ಎಂದೆ. "ಅವರ ಟೊಪ್ಪಿ ನೋಡಿ ನಾನು ಈ ಗೇಟು ಮಾಡಿದ್ದು. ಕೇಳದೆ ತೆಗೆದದ್ದು. ಇದು ನೆಬಿಸಮ್ಮನ ಹೂ."

ಇಸ್ಮಾಯಿಲ್ ಒಂದು ಗಳಿಗೆ ನನ್ನ ಮುಖ ನೋಡಿ ಭುಜ ತಟ್ಟಿದರು. "ತೀರಿಹೋದವರಿಗೆ ಹೆಸರು ಬರಲಿ ಅಂತ ಹೇಳ್ತೀರಿ. ದೊಡ್ಡ ಮನಸ್ಸು ಮಾರಾಯ್ರೆ ನಿಮ್ಮದು." ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮಸೀದಿಯಿಂದ ಬಾಂಕ್ ಕೇಳಿಸಿತು. ನಮಾಜು ಮುಗಿಸಿ ಬರ್ತೇನೆ, ಕೂತಿರಿ ಎಂದು ಹೋದರು.

ಸಫಿಯಾ ಜಗಲಿಯ ಕಂಬದ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಬಿಸ್ಕತ್ತಿನ ಆ ಹಳೆಯ ಡಬ್ಬ ತಂದಳು. ಟೊಪ್ಪಿ ಸ್ವಲ್ಪ ಹಳದಿಯಾಗಿತ್ತು. ಏಳು ಎಸಳು. ಆರು ಒಂದೇ ಹದದಲ್ಲಿದ್ದವು, ಏಳನೆಯದರ ಹೊಲಿಗೆ ಸೊಟ್ಟ.

"ಇದು ನಾನು ಹಾಕಿದ್ದು," ಎಂದಳು.

"ನಿನಗೆ ಯಾವಾಗ ಗೊತ್ತಾಯಿತು?"

"ಮದುವೆಯ ದಿನವೇ, ಇಲ್ಲಿ ಬಂದು ಕಾರಿನಿಂದ ಇಳಿಯುವಾಗ. ಗೇಟಿನಲ್ಲಿ ಉಮ್ಮನ ಆರೂ ಇತ್ತು. ನನ್ನದೊಂದು ಇರಲಿಲ್ಲ."

"ಇಸ್ಮಾಯಿಲರಿಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಉಮ್ಮ ಬಿಡಲಿಲ್ಲ. ಉಮೇಶ ಕೆಟ್ಟವನಲ್ಲ, ಒಂದು ದಿನ ಅವನೇ ಬಂದು ಹೇಳ್ತಾನೆ, ಅಲ್ಲಿಯವರೆಗೆ ನೀನು ಬಾಯಿ ಬಿಡ್ಬೇಡ ಅಂದರು." ಅವಳು ಟೊಪ್ಪಿಯನ್ನು ಡಬ್ಬದೊಳಗಿಟ್ಟು ಮುಚ್ಚಳ ಒತ್ತಿದಳು. "ಇಲ್ಲಿಗೆ ಬಂದಾಗಲೆಲ್ಲ ಕೇಳ್ತಿದ್ದರು, ಉಮೇಶ ಬಂದಿದ್ದನಾ ಅಂತ. ಕಣ್ಣು ಪೂರ್ತಿ ಹೋದ ಮೇಲೂ ಕೇಳ್ತಿದ್ದರು. ಹನ್ನೊಂದು ವರ್ಷ ಕೇಳಿದರು."

ಅಂಗಳದಲ್ಲಿ ಗುಜರಿಯವನ ಟೆಂಪೋ ಬಂದು ನಿಂತಿತು. ಸಫಿಯಾ ಮೆಟ್ಟಿಲಿಳಿದು, ಸಂಜೆ ಬನ್ನಿ, ಅವರು ಬಂದು ಒಮ್ಮೆ ಸರಿಯಾಗಿ ನೋಡ್ಬೇಕು, ಆಮೇಲೆ ಕೊಂಡುಹೋಗಿ ಎಂದು ಅವನನ್ನು ಹಿಂದೆ ಕಳಿಸಿದಳು. "ನೀವು ಹೇಳಿ ಆಯ್ತಲ್ಲ. ಇನ್ನು ನಾನು ಟೊಪ್ಪಿಯನ್ನು ಗೇಟಿನ ಮೇಲಿಟ್ಟೇ ಅವರಿಗೆ ತೋರಿಸ್ತೇನೆ," ಎಂದಳು. ನನ್ನ ಮೇಲೆ ಕೋಪ ತೋರಿಸಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

ನಾನು ಚೀಲದಿಂದ ಕಾಗದ, ಪೆನ್ಸಿಲು ತೆಗೆದೆ. ಏನು ಮಾಡಬೇಕೆಂದು ತಿಳಿಯದಾಗ ಕೈ ಅದನ್ನೇ ಹುಡುಕುತ್ತದೆ.

"ಹೊಸ ಗೇಟಿಗೆ ಎಂತ ಬಿಡಿಸಲಿ ಸಫಿಯಾ? ಏಳು ಎಸಳೂ ಇರುವ ಹಾಗೆ..."

"ಬೇಡ ಉಮೇಶಣ್ಣ," ಎಂದಳು ಅವಳು. "ಹೂ ಬೇಡ. ಬರೀ ಸರಳು ಹಾಕಿ ಕೊಡಿ."